ಹೆಸರು ಬದಲಿಸುತ್ತಾ ಶಾಲೆಯ ಬಾಗಿಲು ತಟ್ಟಿದ ಸೃಷ್ಟಿವಾದ

ಗುರುತ್ವಾಕರ್ಷಣೆಯನ್ನು ನಾವು ಯಾರೂ 'ಗುರುತ್ವವಾದ' ಎನ್ನುವುದಿಲ್ಲ. ರೋಗಾಣುಗಳಿಂದ ಕಾಯಿಲೆ ಬರುತ್ತದೆ ಎಂಬುದಕ್ಕೂ 'ವಾದ' ಅಂತ ಬಾಲ ಅಂಟಿಸುವುದಿಲ್ಲ. ಆದರೆ ಜೀವಿಗಳು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತಾ ಹೊಸ ಜೀವಿಗಳಾಗುತ್ತವೆ ಎಂಬ ಮಾತು ಬಂದರೆ ಮಾತ್ರ ಕನ್ನಡದಲ್ಲಿ 'ವಿಕಾಸವಾದ' ಎಂಬ ಹೆಸರೇ ಗಟ್ಟಿಯಾಗಿ ಕೂತುಬಿಟ್ಟಿದೆ. ವಾದ ಅಂದ ಮೇಲೆ ಪ್ರತಿವಾದ ಇರಬೇಕು, ಅಲ್ವಾ? ಜೀವಿಗಳನ್ನೆಲ್ಲ ದೇವರು ಈಗಿರುವ ಹಾಗೇ ಸೃಷ್ಟಿಸಿದ ಎನ್ನುವ 'ಸೃಷ್ಟಿವಾದ' ಬಂದು ಪಕ್ಕದಲ್ಲಿ ಕೂತಾಗ ಎರಡೂ ಒಂದೇ ತಕ್ಕಡಿಯಲ್ಲಿ ತೂಗುವ ಸರಕಿನಂತೆ ಕಾಣುತ್ತವೆ. ಮೊದಲ ತಪ್ಪು ಹೆಜ್ಜೆ ಹೆಸರಿನಲ್ಲೇ ಬಿದ್ದಿರುತ್ತದೆ.

ಇಂಗ್ಲಿಷಿನಲ್ಲಿ ಇದೇ ಕೆಲಸ ಮಾಡಿದ್ದು 'ಥಿಯರಿ' ಎಂಬ ಪದ. ದಿನದ ಮಾತಿನಲ್ಲಿ ಥಿಯರಿ ಅಂದರೆ ಒಂದು ಅಂದಾಜು. 'ನನ್ನ ಥಿಯರಿ ಏನಪ್ಪಾ ಅಂದ್ರೆ' ಎಂದು ಶುರು ಮಾಡುವವರ ಕೈಯಲ್ಲಿ ಪುರಾವೆ ಇರುವುದು ಕಡಿಮೆ. ವಿಜ್ಞಾನದಲ್ಲಿ ಅದರ ಅರ್ಥ ಹೆಚ್ಚುಕಡಿಮೆ ಉಲ್ಟಾ. ಸಾವಿರಾರು ಸಂಗತಿಗಳನ್ನು ಒಟ್ಟಿಗೆ ಹಿಡಿದು ವಿವರಿಸುವ, ಮತ್ತೆ ಮತ್ತೆ ಪರೀಕ್ಷೆಗೆ ನಿಂತು ಗೆದ್ದ ವಿವರಣೆಗೆ ಅಲ್ಲಿ ಥಿಯರಿ ಎನ್ನುತ್ತಾರೆ. ಅಮೆರಿಕದ ಜಾರ್ಜಿಯಾ ರಾಜ್ಯದ ಕಾಬ್ ಕೌಂಟಿಯಲ್ಲಿ 2002ರಲ್ಲಿ ಜೀವಶಾಸ್ತ್ರದ ಪಠ್ಯಪುಸ್ತಕಗಳಿಗೆ ಒಂದು ಸ್ಟಿಕ್ಕರ್ ಅಂಟಿಸಿದರು. ವಿಕಾಸ ಒಂದು ಥಿಯರಿ, ಸತ್ಯಸಂಗತಿ ಅಲ್ಲ ಎಂಬುದು ಅದರ ಸಾರ. ಪುಸ್ತಕದಲ್ಲಿ ಅಣುಗಳ ಬಗ್ಗೆ, ಜೀವಕೋಶಗಳ ಬಗ್ಗೆ ಇದ್ದದ್ದೂ ಥಿಯರಿಯೇ. ಆದರೆ ಎಚ್ಚರಿಕೆಯ ಚೀಟಿ ಬಿದ್ದದ್ದು ಒಂದಕ್ಕೆ ಮಾತ್ರ. 2005ರ ಜನವರಿಯಲ್ಲಿ ನ್ಯಾಯಾಧೀಶರು ಅವನ್ನು ಕಿತ್ತು ತೆಗೆಯಲು ಹೇಳಿದರು.

ಸ್ಟಿಕ್ಕರ್ ಕಥೆ ಚಿಕ್ಕದು. ಆದರೆ ನೂರು ವರ್ಷದ ಈ ಜಗಳದ ಸ್ವಭಾವ ಅದರಲ್ಲೇ ಇದೆ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಹೆಸರು ಹೊತ್ತು ಇನ್ನೊಂದು ಬಾಗಿಲಿಗೆ ಬರುವುದು.

ಮೊದಲು ಬಂದದ್ದು ನೇರ ನಿಷೇಧ. 1925ರ ಮಾರ್ಚ್‌ನಲ್ಲಿ ಟೆನೆಸಿ ರಾಜ್ಯ ಬಟ್ಲರ್ ಕಾಯ್ದೆ ತಂದಿತು. ಬೈಬಲ್ ಹೇಳುವ ಸೃಷ್ಟಿಕಥೆಯನ್ನು ಅಲ್ಲಗಳೆದು, ಮನುಷ್ಯ ಕೆಳದರ್ಜೆಯ ಪ್ರಾಣಿಗಳಿಂದ ಬಂದ ಎಂದು ಸರ್ಕಾರಿ ಶಾಲೆಯಲ್ಲಿ ಕಲಿಸುವುದು ಅಪರಾಧವಾಯಿತು. ಇದನ್ನು ಪ್ರಶ್ನಿಸಲು ಮುಂದೆ ಬರುವ ಶಿಕ್ಷಕರ ಕೇಸು ನಾವು ನಡೆಸುತ್ತೇವೆ ಎಂದು ನಾಗರಿಕ ಹಕ್ಕುಗಳ ಸಂಘಟನೆ ಎಸಿಎಲ್‌ಯು ಪತ್ರಿಕೆಯಲ್ಲಿ ಪ್ರಕಟಿಸಿತು. ಡೇಟನ್ ಎಂಬ ಚಿಕ್ಕ ಊರಿನ ಪ್ರಮುಖರು ಅದನ್ನು ಓದಿ ಲೆಕ್ಕ ಹಾಕಿದರು: ಕೇಸು ಇಲ್ಲಿ ನಡೆದರೆ ಊರಿಗೆ ಹೆಸರು ಬರುತ್ತದೆ. ಔಷಧಿ ಅಂಗಡಿಯಲ್ಲಿ ಕೂತು 24 ವರ್ಷದ ಜಾನ್ ಸ್ಕೋಪ್ಸ್ ಅವರನ್ನು ಕರೆಸಿ ಒಪ್ಪಿಸಿದರು. ಸ್ಕೋಪ್ಸ್ ಫುಟ್‌ಬಾಲ್ ಕೋಚ್, ಜೀವಶಾಸ್ತ್ರಕ್ಕೆ ಕೆಲವು ದಿನ ಬದಲಿ ಮೇಷ್ಟ್ರು. ತಾನು ಆ ಪಾಠ ಮಾಡಿದ್ದೆನೋ ಇಲ್ಲವೋ ಎಂಬುದೇ ಅವರಿಗೆ ಖಚಿತವಿರಲಿಲ್ಲ.

ಇನ್ನೂ ತಮಾಷೆಯ ಸಂಗತಿ ಎಂದರೆ, ವಿಕಾಸದ ಪಾಠವಿದ್ದ ಆ ಪುಸ್ತಕ, ಜಾರ್ಜ್ ಹಂಟರ್ ಬರೆದ 'ಎ ಸಿವಿಕ್ ಬಯಾಲಜಿ', ಟೆನೆಸಿ ಸರ್ಕಾರವೇ ಶಾಲೆಗಳಿಗೆ ನಿಗದಿ ಮಾಡಿದ್ದ ಪುಸ್ತಕ. ಒಂದು ಕೈಯಲ್ಲಿ ಇದನ್ನೇ ಕಲಿಸು ಎನ್ನುವ ಸರ್ಕಾರ, ಇನ್ನೊಂದು ಕೈಯಲ್ಲಿ ಕಲಿಸಿದರೆ ದಂಡ ಎನ್ನುವ ಸರ್ಕಾರ.

1925ರ ಜುಲೈನಲ್ಲಿ ನಡೆದ ಆ ವಿಚಾರಣೆ ರೇಡಿಯೋದಲ್ಲಿ ನೇರ ಪ್ರಸಾರವಾಯಿತು. ಸರ್ಕಾರದ ಪರ ವಾದಕ್ಕೆ ಬಂದವರು, ಮೂರು ಸಲ ಅಧ್ಯಕ್ಷ ಚುನಾವಣೆಗೆ ನಿಂತು ಸೋತಿದ್ದ ವಿಲಿಯಂ ಜೆನಿಂಗ್ಸ್ ಬ್ರಯಾನ್, ಎದುರಿಗೆ ವಕೀಲ ಕ್ಲಾರೆನ್ಸ್ ಡ್ಯಾರೊ. ಬ್ರಯಾನ್ ಅವರನ್ನು ಮೂಢ ಅಂತ ತಳ್ಳಿಹಾಕುವುದು ಸುಲಭ, ತುಂಬ ಜನ ಹಾಗೆ ಮಾಡಿದ್ದಾರೆ. ಆದರೆ ಅವರ ಒಂದು ಭಯಕ್ಕೆ ಕಾರಣವಿತ್ತು. ಬಲಶಾಲಿಯೇ ಬದುಕಲಿ ಎಂಬ ಮಾತು ಯುದ್ಧಕ್ಕೂ ಬಡವರನ್ನು ಕಡೆಗಣಿಸುವುದಕ್ಕೂ ನೆಪವಾಗುತ್ತಿದೆ ಎಂದು ಅವರು ನಂಬಿದ್ದರು. ಹಂಟರ್ ಪುಸ್ತಕವೇ ಅದಕ್ಕೆ ಸಾಕ್ಷಿ. ಅದರಲ್ಲಿ ಮನುಷ್ಯರನ್ನು ಜನಾಂಗಗಳಾಗಿ ವಿಂಗಡಿಸಿ ಬಿಳಿಯರನ್ನು ಮೇಲಿಟ್ಟ ಸಾಲುಗಳಿದ್ದವು. 'ಕೀಳು' ಕುಟುಂಬಗಳು ಹೆಚ್ಚಾಗದಂತೆ ತಡೆಯಬೇಕೆಂಬ ಉಪದೇಶವೂ ಇತ್ತು. ವಿಜ್ಞಾನದ ಹೆಸರಿನಲ್ಲಿ ಕಲಿಸಿದ ಎಲ್ಲವೂ ವಿಜ್ಞಾನವಾಗಿರಲಿಲ್ಲ. ಬ್ರಯಾನ್ ಎಡವಿದ್ದು ಆ ಕಸವನ್ನು ಗುಡಿಸುವ ಬದಲು ಇಡೀ ವಿಷಯವನ್ನೇ ಬಾಗಿಲಾಚೆ ಎಸೆಯಲು ಹೋಗಿದ್ದರಲ್ಲಿ.

ತೀರ್ಪು ಬರಲು ಸುಮಾರು ಒಂಬತ್ತು ನಿಮಿಷ ಸಾಕಾಯಿತು. ಸ್ಕೋಪ್ಸ್ ತಪ್ಪಿತಸ್ಥ, ದಂಡ 100 ಡಾಲರ್. ಐದು ದಿನದ ಮೇಲೆ ಬ್ರಯಾನ್ ತೀರಿಕೊಂಡರು. 1927ರಲ್ಲಿ ರಾಜ್ಯದ ಮೇಲಿನ ಕೋರ್ಟು ಶಿಕ್ಷೆ ರದ್ದು ಮಾಡಿತು. ಆದರೆ ಅದು ಕಾಯ್ದೆ ತಪ್ಪು ಅಂತಲ್ಲ. 50 ಡಾಲರ್‌ಗಿಂತ ಹೆಚ್ಚಿನ ದಂಡವನ್ನು ಜ್ಯೂರಿ ಹಾಕಬೇಕಿತ್ತು, ನ್ಯಾಯಾಧೀಶರು ಹಾಕಿದ್ದರು, ಅಷ್ಟೇ. ಬಟ್ಲರ್ ಕಾಯ್ದೆ 1967ರವರೆಗೂ ಕಾನೂನಿನ ಪುಸ್ತಕದಲ್ಲಿ ಉಳಿಯಿತು.

ಜನರ ನೆನಪಿನಲ್ಲಿ ಇದು ವಿಜ್ಞಾನ ಗೆದ್ದ ಕಥೆ. ಪತ್ರಿಕೆಗಳಲ್ಲಿ ಗೆದ್ದದ್ದು ಹೌದು. ತರಗತಿಯಲ್ಲಿ ಆದದ್ದು ಬೇರೆ. ಪ್ರಕಾಶಕರು ಹೆದರಿದರು. ಹಂಟರ್ ಪುಸ್ತಕದ ಮುಂದಿನ ಆವೃತ್ತಿಯಲ್ಲಿ 'ವಿಕಾಸ' ಎಂಬ ಪದವೇ ಕಾಣೆಯಾಯಿತು. ಬೇರೆ ಪುಸ್ತಕಗಳಲ್ಲೂ ಆ ಪಾಠ ತೆಳ್ಳಗಾಯಿತು. ಹೆಚ್ಚಿನ ಕಡೆ ಯಾರೂ ಆದೇಶ ಕೊಟ್ಟಿರಲಿಲ್ಲ. ಸುಮ್ನೆ ಯಾಕೆ ತಲೆನೋವು ಎಂದುಕೊಂಡರು, ಅಷ್ಟೆ. ಈ ಸಂಗತಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಪಾಠ ವಾಪಸ್ ಬಂದದ್ದು ಕೋರ್ಟಿನಿಂದಲ್ಲ, ರಾಕೆಟ್ಟಿನಿಂದ. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದಾಗ ಅಮೆರಿಕಕ್ಕೆ ತನ್ನ ವಿಜ್ಞಾನ ಶಿಕ್ಷಣದ ಬಗ್ಗೆ ದಿಗಿಲು ಹುಟ್ಟಿತು. ಸರ್ಕಾರದ ಹಣದಲ್ಲಿ, ಜೀವಶಾಸ್ತ್ರಜ್ಞರೇ ಸೇರಿ ಬರೆದ ಹೊಸ ಪಠ್ಯಗಳು 1960ರ ದಶಕದಲ್ಲಿ ಶಾಲೆಗೆ ಬಂದವು. ವಿಕಾಸ ಅವುಗಳ ಬೆನ್ನೆಲುಬಾಗಿತ್ತು. ಆಗ ಅರ್ಕಾನ್ಸಾಸ್ ರಾಜ್ಯದಲ್ಲಿ ಸೂಸನ್ ಎಪರ್ಸನ್ ಎಂಬ ಶಿಕ್ಷಕಿ ಇಕ್ಕಟ್ಟಿಗೆ ಸಿಕ್ಕರು. ಕೈಗೆ ಬಂದ ಹೊಸ ಪುಸ್ತಕದಲ್ಲಿ ವಿಕಾಸದ ಪಾಠವಿದೆ, 1928ರ ರಾಜ್ಯದ ಕಾಯ್ದೆ ಅದನ್ನು ಕಲಿಸಬೇಡ ಎನ್ನುತ್ತದೆ. ಅವರು ಕೋರ್ಟಿಗೆ ಹೋದರು. ಸರ್ಕಾರ ಯಾವ ಧರ್ಮದ ಪರವೂ ನಿಲ್ಲುವಂತಿಲ್ಲ ಎಂಬ ಸಂವಿಧಾನದ ಮಾತನ್ನು ಹಿಡಿದು 1968ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ಕಾಯ್ದೆಯನ್ನು ರದ್ದು ಮಾಡಿತು. ನಿಷೇಧದ ಕಾಲ ಮುಗಿಯಿತು.

ನಿಷೇಧ ಸಾಧ್ಯವಿಲ್ಲ ಎಂದಾದ ಮೇಲೆ ಬಂದದ್ದು 'ಸಮಪಾಲು'. ಸೃಷ್ಟಿಯ ಕಥೆಗೆ 'ಸೃಷ್ಟಿ ವಿಜ್ಞಾನ' ಎಂಬ ಹೊಸ ಅಂಗಿ ತೊಡಿಸಿದರು. ಭೂಮಿಗೆ ಕೆಲವೇ ಸಾವಿರ ವರ್ಷ, ಕಲ್ಲಿನ ಪದರಗಳು ಜಲಪ್ರಳಯದಲ್ಲಿ ಆದವು ಎಂಬುದಕ್ಕೆ ವೈಜ್ಞಾನಿಕ ಪುರಾವೆ ಇದೆ ಎಂಬುದು ವಾದ. 1981ರಲ್ಲಿ ಅರ್ಕಾನ್ಸಾಸ್ ಮತ್ತು ಲೂಸಿಯಾನ ರಾಜ್ಯಗಳು ವಿಕಾಸ ಕಲಿಸಿದರೆ ಇದನ್ನೂ ಕಲಿಸಬೇಕು ಎಂದು ಕಾಯ್ದೆ ಮಾಡಿದವು. ಅರ್ಕಾನ್ಸಾಸ್ ಕಾಯ್ದೆಯ ವಿರುದ್ಧ ಕೋರ್ಟಿಗೆ ಹೋದವರಲ್ಲಿ ಮೊದಲ ಹೆಸರು ಒಬ್ಬ ಮೆಥಡಿಸ್ಟ್ ಪಾದ್ರಿಯದು. ಜೊತೆಗೆ ಕ್ಯಾಥೊಲಿಕ್, ಎಪಿಸ್ಕೋಪಲ್ ಬಿಷಪ್‌ಗಳೂ ಇದ್ದರು. ದೇವರನ್ನು ನಂಬುವವರು ಒಂದು ಕಡೆ, ವಿಜ್ಞಾನಿಗಳು ಇನ್ನೊಂದು ಕಡೆ ಎಂದು ಚಿತ್ರ ಬರೆಯುವವರಿಗೆ ಈ ಪಟ್ಟಿ ತೋರಿಸಬೇಕು. 1982ರಲ್ಲಿ ಆ ಕಾಯ್ದೆ ಬಿತ್ತು. ಲೂಸಿಯಾನದ್ದು ಸುಪ್ರೀಂ ಕೋರ್ಟ್‌ವರೆಗೂ ಹೋಗಿ, 72 ನೊಬೆಲ್ ವಿಜೇತರು ಅದರ ವಿರುದ್ಧ ಮನವಿ ಸಲ್ಲಿಸಿ, 1987ರ ಜೂನ್‌ನಲ್ಲಿ 7-2 ಬಹುಮತದಿಂದ ರದ್ದಾಯಿತು.

ಇಲ್ಲಿಂದ ಮುಂದಿನದು ಪತ್ತೇದಾರಿ ಕಥೆಯ ಹಾಗಿದೆ.

ಆ ತೀರ್ಪು ಬಂದ ವರ್ಷವೇ ಶಾಲಾ ಮಕ್ಕಳಿಗಾಗಿ ಒಂದು ಪುಸ್ತಕದ ಕರಡು ತಯಾರಾಗುತ್ತಿತ್ತು. 1989ರಲ್ಲಿ ಅದು 'ಆಫ್ ಪಾಂಡಾಸ್ ಅಂಡ್ ಪೀಪಲ್' ಎಂಬ ಹೆಸರಿನಲ್ಲಿ ಹೊರಬಂತು. ಅದರಲ್ಲಿ ದೇವರ ಹೆಸರಿಲ್ಲ, ಬೈಬಲ್ ಇಲ್ಲ. ಇದ್ದದ್ದು 'ಇಂಟೆಲಿಜೆಂಟ್ ಡಿಸೈನ್'. ಜೀವಿಗಳ ಕೆಲವು ರಚನೆಗಳು ಎಷ್ಟು ಜಟಿಲವಾಗಿವೆ ಎಂದರೆ, ಯಾರೋ ಬುದ್ಧಿವಂತರು ವಿನ್ಯಾಸ ಮಾಡದೆ ಅವು ಹುಟ್ಟಲಾರವು ಎಂಬ ವಿಚಾರ. ಆ ಬುದ್ಧಿವಂತ ಯಾರು ಎಂದು ಮಾತ್ರ ಹೇಳುವುದಿಲ್ಲ. ಪೆನ್ಸಿಲ್ವೇನಿಯಾದ ಡೋವರ್ ಎಂಬ ಊರಿನ ಶಾಲಾ ಮಂಡಳಿ 2004ರ ಅಕ್ಟೋಬರ್‌ನಲ್ಲಿ ಇದನ್ನು ಹೈಸ್ಕೂಲಿಗೆ ತಂದಿತು. ಜೀವಶಾಸ್ತ್ರದ ಪಾಠಕ್ಕೆ ಮೊದಲು ಒಂದು ಹೇಳಿಕೆ ಓದಬೇಕು: ಡಾರ್ವಿನ್ ಥಿಯರಿಯಲ್ಲಿ ತೂತುಗಳಿವೆ, ಆಸಕ್ತಿ ಇದ್ದವರು ಈ ಪುಸ್ತಕ ನೋಡಬಹುದು ಅಂತ. ಪುಸ್ತಕದ 60 ಪ್ರತಿಗಳು 'ಅನಾಮಿಕ ದಾನ'ವಾಗಿ ಬಂದಿದ್ದವು. ದಾನಕ್ಕೆ ಚರ್ಚಿನಲ್ಲಿ ಹಣ ಕೇಳಿದ್ದು ಅದೇ ಮಂಡಳಿಯ ಸದಸ್ಯರು ಎಂಬುದು ಆಮೇಲೆ ಗೊತ್ತಾಯಿತು.

ವಿಜ್ಞಾನ ಶಿಕ್ಷಕರು ಆ ಹೇಳಿಕೆ ಓದಲು ಒಪ್ಪಲಿಲ್ಲ. ತಮಗೆ ಸುಳ್ಳೆಂದು ಗೊತ್ತಿರುವುದನ್ನು ಮಕ್ಕಳಿಗೆ ಹೇಳುವುದು ವೃತ್ತಿಗೆ ತಕ್ಕದ್ದಲ್ಲ ಎಂಬುದು ಅವರ ನಿಲುವು. ಆಡಳಿತದವರೇ ತರಗತಿಗೆ ಬಂದು ಓದಿ ಹೋದರು. ಹನ್ನೊಂದು ಪೋಷಕರು ಕೇಸು ಹಾಕಿದರು.

ವಿಚಾರಣೆಯಲ್ಲಿ ಪೋಷಕರ ಪರ ಸಾಕ್ಷಿ ಹೇಳಿದ ತತ್ವಶಾಸ್ತ್ರದ ಪ್ರಾಧ್ಯಾಪಕಿ ಬಾರ್ಬರಾ ಫಾರೆಸ್ಟ್ ಆ ಪುಸ್ತಕದ ಹಳೆಯ ಕರಡುಗಳನ್ನು ಕೋರ್ಟಿನ ಮುಂದಿಟ್ಟರು. 1987ರ ತೀರ್ಪಿನ ಮೊದಲಿನ ಕರಡುಗಳಲ್ಲಿ 'ಸೃಷ್ಟಿ' ಎಂದಿದ್ದ ಜಾಗದಲ್ಲೆಲ್ಲ ಆಮೇಲಿನ ಕರಡಿನಲ್ಲಿ 'ಡಿಸೈನ್' ಬಂದಿತ್ತು. ವಾಕ್ಯ ಅದೇ, ವ್ಯಾಖ್ಯೆ ಅದೇ, ಪದ ಮಾತ್ರ ಬೇರೆ. ಅದೂ ಅವಸರದ ಕೆಲಸ. 'ಕ್ರಿಯೇಷನಿಸ್ಟ್ಸ್' ಎಂಬ ಪದವನ್ನು ಅಳಿಸಿ 'ಡಿಸೈನ್ ಪ್ರೊಪೊನೆಂಟ್ಸ್' ಎಂದು ಹಾಕುವಾಗ ಒಂದು ಕಡೆ ಹಳೆಯ ಪದದ ತಲೆಯೂ ಬಾಲವೂ ಹಾಗೇ ಉಳಿದು 'ಸಿ-ಡಿಸೈನ್ ಪ್ರೊಪೊನೆಂಟ್ಸ್-ಇಸ್ಟ್ಸ್' ಎಂಬ ವಿಚಿತ್ರ ಪದ ಹುಟ್ಟಿತ್ತು. ಜೀವಿಗಳಲ್ಲಿ ಹಳೆಯ ರೂಪದ ಗುರುತು ಉಳಿದಿರುತ್ತದಲ್ಲ, ಹಾಗೆ. ಒಂದು ರೂಪ ಇನ್ನೊಂದಾಗುವಾಗ ಸಿಕ್ಕ ನಡುವಿನ ಪಳೆಯುಳಿಕೆ ಎಂದು ಇದನ್ನು ನೋಡಿ ಜೀವಶಾಸ್ತ್ರಜ್ಞರು ನಕ್ಕರೆ ಅವರನ್ನು ದೂರುವಂತಿಲ್ಲ.

ವಿನ್ಯಾಸವಾದಿಗಳ ಮುಖ್ಯ ಸಾಕ್ಷಿ ಮೈಕೆಲ್ ಬೀಹಿ ಎಂಬ ಜೀವರಸಾಯನ ವಿಜ್ಞಾನಿ. ಅವರ ಹೆಸರಾಂತ ಉದಾಹರಣೆ ಇಲಿಬೋನು. ಅದರ ಒಂದು ಭಾಗ ತೆಗೆದರೂ ಇಲಿ ಬೀಳುವುದಿಲ್ಲ, ಹಾಗಾಗಿ ಅದು ಸ್ವಲ್ಪ ಸ್ವಲ್ಪವಾಗಿ ಹುಟ್ಟಿರಲಾರದು, ಬ್ಯಾಕ್ಟೀರಿಯಾದ ಬಾಲವೂ ಹಾಗೇ ಎನ್ನುತ್ತಾರೆ. ಎದುರು ಪಕ್ಷದ ಸಾಕ್ಷಿ, ಜೀವಶಾಸ್ತ್ರಜ್ಞ ಕೆನೆತ್ ಮಿಲ್ಲರ್ ಇದಕ್ಕೆ ಉತ್ತರವಾಗಿ ಭಾಗ ಕಿತ್ತ ಇಲಿಬೋನನ್ನೇ ಟೈ ಕ್ಲಿಪ್ ಮಾಡಿಕೊಂಡು ತೋರಿಸಿದ್ದುಂಟು. ಇಲಿ ಹಿಡಿಯದಿದ್ದರೇನು, ಬೇರೆ ಕೆಲಸಕ್ಕೆ ಬರುತ್ತದೆ! ಬ್ಯಾಕ್ಟೀರಿಯಾದ ಬಾಲದ ಕೆಲವು ಭಾಗಗಳನ್ನೇ ಹೋಲುವ ಒಂದು ರಚನೆಯನ್ನು ಕೆಲವು ಬ್ಯಾಕ್ಟೀರಿಯಾಗಳು ವಿಷ ಚುಚ್ಚುವ ಸೂಜಿಯಂತೆ ಬಳಸುತ್ತವೆ. ಅಂದಹಾಗೆ ಮಿಲ್ಲರ್ ಕ್ಯಾಥೊಲಿಕ್, ದೇವರನ್ನು ನಂಬುವವರು. ಥಿಯರಿಗೆ ತಾವು ಕೊಡುವ ವ್ಯಾಖ್ಯೆಯ ಪ್ರಕಾರ ಜ್ಯೋತಿಷ್ಯವೂ ವೈಜ್ಞಾನಿಕ ಥಿಯರಿ ಆಗುತ್ತದೆ ಎಂದು ಬೀಹಿ ಅಡ್ಡಪ್ರಶ್ನೆಯಲ್ಲಿ ಒಪ್ಪಬೇಕಾಯಿತು. ಕೇಸು ಅಲ್ಲೇ ಅರ್ಧ ಮುಗಿಯಿತು ಅನ್ನಬಹುದು.

ಮಿಲ್ಲರ್ ಅದೇ ಕೋರ್ಟಿನಲ್ಲಿ ಹೇಳಿದ ಇನ್ನೊಂದು ವಿಷಯ ನನಗೆ ಎಲ್ಲಕ್ಕಿಂತ ಇಷ್ಟ. ಮನುಷ್ಯರ ಜೀವಕೋಶಗಳಲ್ಲಿ 23 ಜೊತೆ ಕ್ರೋಮೋಸೋಮ್, ಅಂದರೆ ಜೀನ್‌ಗಳನ್ನು ಹೊತ್ತ ಎಳೆಗಳು ಇವೆ. ಚಿಂಪಾಂಜಿ, ಗೊರಿಲ್ಲಾಗಳಲ್ಲಿ 24 ಜೊತೆ. ನಮಗೆಲ್ಲ ಒಬ್ಬನೇ ಪೂರ್ವಜ ಅನ್ನುವುದಾದರೆ ಆ ಒಂದು ಜೊತೆ ಎಲ್ಲಿ ಹೋಯಿತು? ಸುಮ್ಮನೆ ಕಳೆದುಹೋಗಲು ಸಾಧ್ಯವಿಲ್ಲ, ಅಷ್ಟು ಜೀನ್‌ಗಳು ಕಳೆದರೆ ಜೀವ ಉಳಿಯುವುದಿಲ್ಲ. ಹಾಗಾದರೆ ಎರಡು ಕ್ರೋಮೋಸೋಮ್ ಅಂಟಿಕೊಂಡು ಒಂದಾಗಿರಬೇಕು. ಅಂಟಿದ ಗುರುತು ಸಿಗಬೇಕು. ಸಿಗದಿದ್ದರೆ ವಿಕಾಸಕ್ಕೆ ದೊಡ್ಡ ಪೆಟ್ಟು. ಹುಡುಕಿದರು. ಕ್ರೋಮೋಸೋಮ್ ತುದಿಯಲ್ಲಿ ಮಾತ್ರ ಇರಬೇಕಾದ ಗುರುತು ನಮ್ಮ 2ನೇ ಕ್ರೋಮೋಸೋಮ್‌ನ ನಡುವೆ ಸಿಕ್ಕಿತು. ಜೊತೆಗೆ, ಒಂದು ಕ್ರೋಮೋಸೋಮ್‌ಗೆ ಒಂದೇ ಇರಬೇಕಾದ ನಡುಗಂಟಿನ (ಸೆಂಟ್ರೊಮಿಯರ್) ಎರಡನೆಯ ಅವಶೇಷವೂ ಸಿಕ್ಕಿತು.

ತಪ್ಪಾಗಬಹುದಾದ ಮಾತನ್ನು ಮೊದಲೇ ಹೇಳಿ, ಆಮೇಲೆ ಹೋಗಿ ನೋಡುವುದು. ವಿಕಾಸಕ್ಕೂ ಇಂಟೆಲಿಜೆಂಟ್ ಡಿಸೈನ್‌ಗೂ ಇರುವ ವ್ಯತ್ಯಾಸ ಇಲ್ಲಿದೆ. 'ಯಾರೋ ವಿನ್ಯಾಸ ಮಾಡಿದರು' ಎಂಬ ಮಾತು ಏನು ಸಿಕ್ಕರೆ ಸುಳ್ಳಾಗುತ್ತದೆ? ಏನು ಸಿಕ್ಕರೂ ಆಗುವುದಿಲ್ಲ. ವಿನ್ಯಾಸಕನಿಗೆ ಹಾಗೆ ಮಾಡಬೇಕು ಅನ್ನಿಸಿತು ಎಂದರೆ ಮುಗಿಯಿತು. ನಂಬಿಕೆಗೆ ಅದು ಕೊರತೆಯಲ್ಲ. ವಿಜ್ಞಾನದ ತರಗತಿಗೆ ಅದು ಅನರ್ಹತೆ.

2005ರ ಡಿಸೆಂಬರ್ 20ರಂದು ನ್ಯಾಯಾಧೀಶ ಜಾನ್ ಜೋನ್ಸ್ 139 ಪುಟಗಳ ತೀರ್ಪು ಕೊಟ್ಟರು. ಅವರನ್ನು ನೇಮಿಸಿದ್ದು ಅಧ್ಯಕ್ಷ ಜಾರ್ಜ್ ಡಬ್ಲ್ಯು ಬುಷ್, ಹಾಗಾಗಿ ವಿನ್ಯಾಸವಾದಿಗಳಿಗೆ ಅವರ ಮೇಲೆ ಆಸೆ ಇತ್ತು. ಜೋನ್ಸ್ ಇಂಟೆಲಿಜೆಂಟ್ ಡಿಸೈನ್ ವಿಜ್ಞಾನವಲ್ಲ, ಸೃಷ್ಟಿವಾದದ್ದೇ ಇನ್ನೊಂದು ರೂಪ ಎಂದರು. ಮಂಡಳಿಯ ತೀರ್ಮಾನದ ಮೂರ್ಖತನ ಉಸಿರು ಕಟ್ಟಿಸುವಂಥದ್ದು ಎಂದೂ ಬರೆದರು. ಅಷ್ಟರಲ್ಲಿ ಊರಿನ ಮತದಾರರು ತಮ್ಮ ತೀರ್ಪು ಕೊಟ್ಟಾಗಿತ್ತು. ನವೆಂಬರ್ ಚುನಾವಣೆಯಲ್ಲಿ ನಿಂತಿದ್ದ ಮಂಡಳಿಯ ಎಂಟೂ ಸದಸ್ಯರು ಸೋತಿದ್ದರು. ಕೋರ್ಟಿನ ಖರ್ಚೆಂದು ಆ ಶಾಲಾ ಜಿಲ್ಲೆ ಸುಮಾರು 10 ಲಕ್ಷ ಡಾಲರ್ ತೆರಬೇಕಾಯಿತು.

ಕಥೆ ಮುಗಿಯಿತೇ? ಇಲ್ಲ. ಹೆಸರು ಮತ್ತೆ ಬದಲಾಯಿತು. ಈಗಿನದು 'ಶೈಕ್ಷಣಿಕ ಸ್ವಾತಂತ್ರ್ಯ'. 2008ರಲ್ಲಿ ಲೂಸಿಯಾನ, 2012ರಲ್ಲಿ ಟೆನೆಸಿ ಇಂಥ ಕಾಯ್ದೆ ಮಾಡಿದವು. ಇವುಗಳಲ್ಲಿ ಸೃಷ್ಟಿ ಕಲಿಸಿ ಎಂದಿಲ್ಲ. ವೈಜ್ಞಾನಿಕ ವಿಚಾರಗಳನ್ನು ವಿಮರ್ಶಿಸಲು ಶಿಕ್ಷಕರಿಗೆ ಅಡ್ಡಿ ಮಾಡಬೇಡಿ ಎಂದಷ್ಟೇ ಇದೆ. ಯಾರು ಬೇಡ ಎನ್ನುತ್ತಾರೆ? ಆದರೆ ವಿಮರ್ಶೆಗೆ ಉದಾಹರಣೆಯಾಗಿ ಹೆಸರಿಸಿದ್ದು ವಿಕಾಸ, ಜೀವದ ಉಗಮ, ಹವಾಮಾನ ಬದಲಾವಣೆಯಂಥವನ್ನು. 2024ರ ಮಾರ್ಚ್‌ನಲ್ಲಿ ವೆಸ್ಟ್ ವರ್ಜೀನಿಯಾ ಇನ್ನೂ ಮೆತ್ತಗಿನ ಕಾಯ್ದೆ ತಂದಿತು. ಮೊದಲ ಕರಡಿನಲ್ಲಿ ಇಂಟೆಲಿಜೆಂಟ್ ಡಿಸೈನ್ ಹೆಸರಿತ್ತು. ಕೊನೆಗೆ ಉಳಿದದ್ದು, ವಿಶ್ವ ಮತ್ತು ಜೀವ ಹೇಗೆ ಬಂದವು ಎಂಬ ಬಗ್ಗೆ ಮಕ್ಕಳು ಕೇಳಿದರೆ ವೈಜ್ಞಾನಿಕ ಥಿಯರಿಗಳ ಕುರಿತು ಉತ್ತರಿಸಬಹುದು ಎಂಬ ಸಾಲು. ಕಾಯ್ದೆಯೇ ಇಲ್ಲದೆ ಯಾವ ಮೇಷ್ಟ್ರಾದರೂ ಮಾಡುವ ಕೆಲಸ ಅದು. ಇನ್ನೊಂದು ಕಡೆ, 1987 ಮತ್ತು 2005ರ ತೀರ್ಪುಗಳು ಊರಿಕೊಂಡಿದ್ದ 'ಲೆಮನ್ ಪರೀಕ್ಷೆ' ಎಂಬ, ಸರ್ಕಾರ ಧರ್ಮದ ಪರ ವಾಲಿದೆಯೇ ಎಂದು ನೋಡುವ ಕಾನೂನಿನ ಅಳತೆಗೋಲನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಕೈಬಿಟ್ಟಿದೆ. ಹಳೆಯ ಬೀಗಗಳು ಇನ್ನೂ ಇವೆ, ಆದರೆ ಅಲುಗಾಡಿಸಿ ನೋಡುವವರು ಇದ್ದೇ ಇರುತ್ತಾರೆ.

'ಎರಡನ್ನೂ ಹೇಳಿ, ಮಕ್ಕಳೇ ತೀರ್ಮಾನಿಸಲಿ' ಎಂಬ ಮಾತಿಗೆ ಬರೋಣ. ಕೇಳಲು ಇದಕ್ಕಿಂತ ನ್ಯಾಯದ ಮಾತಿಲ್ಲ. ನನ್ನ ತಕರಾರು ಕ್ರಮದ ಬಗ್ಗೆ. ವಿಜ್ಞಾನದಲ್ಲಿ ಹೊಸ ವಿಚಾರ ಮೊದಲು ಪ್ರಯೋಗಾಲಯದಲ್ಲಿ, ಬಯಲಿನಲ್ಲಿ, ಸಂಶೋಧನಾ ಪತ್ರಿಕೆಗಳಲ್ಲಿ ಏಟು ತಿನ್ನಬೇಕು. ಉಳಿದರೆ ವಿಶ್ವವಿದ್ಯಾಲಯಕ್ಕೆ ಬರುತ್ತದೆ. ಶಾಲೆಯ ಪುಸ್ತಕ ಅದರ ಕಟ್ಟಕಡೆಯ ನಿಲ್ದಾಣ. ಸೃಷ್ಟಿವಾದ ಕೇಳುತ್ತಿರುವುದು ನಡುವಿನ ಯಾವ ನಿಲ್ದಾಣದಲ್ಲೂ ಇಳಿಯದೆ ನೇರ ಒಂಬತ್ತನೇ ತರಗತಿಗೆ ಬರುವ ಟಿಕೆಟ್. ವಿಜ್ಞಾನಿಗಳು ಬಗೆಹರಿಸಬೇಕಾದದ್ದನ್ನು 14 ವರ್ಷದ ಮಗುವಿನ ತಲೆಗೆ ಹೊರಿಸುವುದು ಸ್ವಾತಂತ್ರ್ಯವೂ ಅಲ್ಲ, ಸಮತೋಲನವೂ ಅಲ್ಲ.

ಹಾಗಂತ ನಂಬಿಕೆಯನ್ನು ಗೇಲಿ ಮಾಡುತ್ತಾ ವಿಕಾಸ ಕಲಿಸುವ ಮೇಷ್ಟ್ರು ಪಾಠವನ್ನು ಗೆಲ್ಲಿಸುವುದಿಲ್ಲ, ಸೋಲಿಸುತ್ತಾರೆ. ಮನುಷ್ಯರನ್ನು ದೇವರು ಈಗಿನ ರೂಪದಲ್ಲೇ ಸೃಷ್ಟಿಸಿದ ಎನ್ನುವವರು ಅಮೆರಿಕದ ಗ್ಯಾಲಪ್ ಸಮೀಕ್ಷೆಯಲ್ಲಿ 1982ರಲ್ಲಿ ಶೇ 44 ಇದ್ದರು, 2024ರಲ್ಲಿ ಶೇ 37. ಅದೇ ಸಮೀಕ್ಷೆಯಲ್ಲಿ ಶೇ 34ರಷ್ಟು ಜನ ವಿಕಾಸ ನಡೆಯಿತು, ಆದರೆ ದೇವರ ಮಾರ್ಗದರ್ಶನದಲ್ಲಿ ಎನ್ನುತ್ತಾರೆ. ಪೋಪ್ ಎರಡನೇ ಜಾನ್ ಪಾಲ್ 1996ರಲ್ಲೇ ವಿಕಾಸವು ಬರೀ ಊಹೆಗಿಂತ ಹೆಚ್ಚಿನದು ಎಂದಿದ್ದರು. ದೇವರು ಬೇಕೋ ವಿಕಾಸ ಬೇಕೋ, ಒಂದನ್ನು ಆರಿಸಿಕೋ ಎಂದು ಮಗುವಿನ ಮುಂದೆ ಇಡುವುದು ಎರಡೂ ಕಡೆಯ ಗಟ್ಟಿ ದನಿಯವರ ಆಟ. ನಡುವೆ ಬದುಕುವವರೂ ಬಹಳ ಜನ.

ಇನ್ನು ಸೃಷ್ಟಿವಾದವೇ ಬಾರದೆ ಪಾಠ ಹೋಗುವ ದಾರಿಯೂ ಇದೆ. 2017ರಲ್ಲಿ ಟರ್ಕಿ 9ನೇ ತರಗತಿಯಿಂದ ವಿಕಾಸವನ್ನು ಕೈಬಿಡುವುದಾಗಿ ಹೇಳಿತು. ಕಾರಣ, ಅದು ಆ ವಯಸ್ಸಿಗೆ ಕಷ್ಟ, ವಿವಾದದ ವಿಷಯ. 2023ರಲ್ಲಿ ಎನ್‌ಸಿಇಆರ್‌ಟಿಯ 10ನೇ ತರಗತಿ ವಿಜ್ಞಾನ ಪುಸ್ತಕದಲ್ಲಿ 'ಆನುವಂಶಿಕತೆ ಮತ್ತು ವಿಕಾಸ' ಎಂಬ ಅಧ್ಯಾಯ ಬರೀ 'ಆನುವಂಶಿಕತೆ' ಆಯಿತು. ಕಾರಣ, ಕೋವಿಡ್ ನಂತರ ಮಕ್ಕಳ ಹೊರೆ ಇಳಿಸುವುದು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ವಿರೋಧಿಸಿದರು. 12ನೇ ತರಗತಿಯಲ್ಲಿ ಇದೆಯಲ್ಲ ಎಂಬ ಉತ್ತರ ಬಂತು. ಇದೆ, ಜೀವಶಾಸ್ತ್ರ ಆರಿಸಿಕೊಂಡವರಿಗೆ. ವಾಣಿಜ್ಯವೋ ಕಲೆಯೋ ತೆಗೆದುಕೊಂಡ ಮಗು ಆ ವಿಷಯವನ್ನು ಓದದೆಯೇ ಶಾಲೆ ಮುಗಿಸುತ್ತದೆ. ಕೋರ್ಟಿಲ್ಲ, ಸಾಕ್ಷಿಯಿಲ್ಲ, ಇಲಿಬೋನಿನ ಜಗಳವಿಲ್ಲ.

ಇದಕ್ಕಿಂತಲೂ ಸದ್ದಿಲ್ಲದ ದಾರಿ ತರಗತಿಯೊಳಗೇ ಇದೆ. ಮೈಕೆಲ್ ಬರ್ಕ್‌ಮನ್ ಮತ್ತು ಎರಿಕ್ ಪ್ಲುಟ್ಜರ್ ಎಂಬ ರಾಜ್ಯಶಾಸ್ತ್ರಜ್ಞರು 2007ರಲ್ಲಿ ಅಮೆರಿಕದ 926 ಸರ್ಕಾರಿ ಹೈಸ್ಕೂಲ್ ಜೀವಶಾಸ್ತ್ರ ಶಿಕ್ಷಕರನ್ನು ಮಾತಾಡಿಸಿದರು. ಡೋವರ್ ತೀರ್ಪು ಬಂದು ಎರಡು ವರ್ಷವೂ ಆಗಿರಲಿಲ್ಲ. ವಿಕಾಸವನ್ನು ನೇರವಾಗಿ, ಜೀವಶಾಸ್ತ್ರದ ತಳಪಾಯದಂತೆ ಕಲಿಸುತ್ತಿದ್ದವರು ಶೇ 28. ಸೃಷ್ಟಿವಾದದ ಪರ ಮಾತಾಡುತ್ತಿದ್ದವರು ಶೇ 13. ಉಳಿದ ಸುಮಾರು ಶೇ 60 ಮಂದಿ ಎರಡೂ ಅಲ್ಲ. ಅವರು ಅಣುಗಳ ಮಟ್ಟದ ಬದಲಾವಣೆ ಹೇಳಿ, ಒಂದು ಜೀವಿಯಿಂದ ಇನ್ನೊಂದು ಹುಟ್ಟುವ ವಿಷಯ ಬಿಡುತ್ತಾರೆ. ಇಲ್ಲವೇ 'ಪರೀಕ್ಷೆಗೆ ಬರುತ್ತದೆ, ನಂಬಬೇಕಿಲ್ಲ, ಓದಿಕೊಳ್ಳಿ' ಎನ್ನುತ್ತಾರೆ. ಇಲ್ಲವೇ ಎಲ್ಲ ಅಭಿಪ್ರಾಯವೂ ಇರಲಿ ಎಂದು ಜಾರಿಕೊಳ್ಳುತ್ತಾರೆ. 1926ರ ಪ್ರಕಾಶಕರ ಅದೇ ಲೆಕ್ಕ: ಸುಮ್ನೆ ಯಾಕೆ ತಲೆನೋವು.

ಇವರು ಹೇಡಿಗಳಲ್ಲ. ಎಷ್ಟೋ ಜನಕ್ಕೆ ಮಕ್ಕಳ ಪ್ರಶ್ನೆ ಎದುರಿಸುವಷ್ಟು ವಿಷಯ ಗೊತ್ತಿರಲಿಲ್ಲ. ವಿಕಾಸದ ಬಗ್ಗೆಯೇ ಒಂದು ಪೂರ್ಣ ಕೋರ್ಸ್ ಓದಿದ್ದ ಶಿಕ್ಷಕರು ಹೆಚ್ಚು ಧೈರ್ಯವಾಗಿ ಕಲಿಸುತ್ತಿದ್ದರು ಎಂಬುದೂ ಅದೇ ಸಮೀಕ್ಷೆಯಲ್ಲಿ ಕಂಡಿತು. ಪೋಷಕರು ಬಂದು ಜಗಳ ಆಡಿದಾಗ ಬೆನ್ನಿಗೆ ನಿಲ್ಲುವುದು ತೀರ್ಪಿನ 139 ಪುಟಗಳಲ್ಲ, ತನಗೆ ಆ 2ನೇ ಕ್ರೋಮೋಸೋಮ್ ಕಥೆಯನ್ನು ಬೋರ್ಡಿನ ಮೇಲೆ ಬರೆದು ತೋರಿಸಲು ಬರುತ್ತದೆ ಎಂಬ ಭರವಸೆ.

2019ರಲ್ಲಿ ಪ್ಲುಟ್ಜರ್ ಮತ್ತು ಜೊತೆಗಾರರು ಇದೇ ಸಮೀಕ್ಷೆಯನ್ನು ಮತ್ತೆ ಮಾಡಿದರು. ಮನುಷ್ಯನ ವಿಕಾಸಕ್ಕೆ ವರ್ಷದಲ್ಲಿ ಕೊಡುತ್ತಿದ್ದ ತರಗತಿಯ ಸಮಯ ಸರಾಸರಿ ಸುಮಾರು 4 ಗಂಟೆಯಿಂದ 8ರ ಹತ್ತಿರ ಬಂದಿತ್ತು. ಈ ನಡುವೆ ಡೋವರ್‌ನಂಥ ಯಾವ ದೊಡ್ಡ ತೀರ್ಪೂ ಬಂದಿರಲಿಲ್ಲ. ಬಂದಿದ್ದು 2013ರ ಹೊಸ ವಿಜ್ಞಾನ ಪಠ್ಯ ಮಾನದಂಡಗಳು, ಮತ್ತು ಹೊಸದಾಗಿ ಕೆಲಸಕ್ಕೆ ಸೇರಿದ ಒಂದು ತಲೆಮಾರಿನ ಟೀಚರ್‌ಗಳು.